ಹಳೆಯ ಸಿಮೆಂಟ್ ಬೊಂಬೆಗಳ ದುರಸ್ತಿ: ಬಣ್ಣ ಬಳಿಯುವ ಮೊದಲು ಏನು ನೋಡಬೇಕು?

ತೀರ್ಥಹಳ್ಳಿ ಹಿತ್ತಲು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಅಂಗಳದಲ್ಲಿ ಅಜ್ಜ ಮಾಡಿಸಿದ ಸಿಮೆಂಟಿನ ಬೊಂಬೆಗಳಿವೆ. ಮೆಟ್ಟಿಲಿನ ಎರಡೂ ಬದಿ ಸಿಂಹ, ತುಳಸಿಕಟ್ಟೆಯ ಹತ್ತಿರ ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹೆಂಗಸು, ಬಾವಿಯ ಪಕ್ಕ ಮಲಗಿದ ಜಿಂಕೆ. 1960ರ ದಶಕದ ಕೆಲಸ. ಆಗ ಊರಿಗೆ ಬಂದಿದ್ದ ಒಬ್ಬ ಗಾರೆಯವರು ಅಚ್ಚು ಗಿಚ್ಚು ಇಲ್ಲದೆ ಕೈಯಲ್ಲೇ ತಿದ್ದಿ ಮಾಡಿದ್ದು ಅಂತ ಅಪ್ಪ ಹೇಳ್ತಾರೆ. ಹೆಂಗಸಿನ ಸೀರೆಯ ನೆರಿಗೆ, ಜಿಂಕೆಯ ಕಣ್ಣು ನೋಡಿದರೆ ಅದು ಗೊತ್ತಾಗುತ್ತೆ. ಎರಡು ಸಿಂಹದ ಮುಖವೂ ಒಂದೇ ಥರ ಇಲ್ಲ.

ಈಗಿನ ಸ್ಥಿತಿ ಹೀಗಿದೆ. ಹೆಂಗಸಿನ ಬಲಗೈಯ ಉದ್ದಕ್ಕೂ ಸೀಳು ಬಿಟ್ಟು ಅಲ್ಲಿಂದ ಕಂದು ನೀರು ಇಳಿದ ಕಲೆ. ಜಿಂಕೆಯ ಒಂದು ಕಿವಿ ಉದುರಿ ತಂತಿ ಕಾಣುತ್ತಿದೆ. ಸಿಂಹಗಳ ಬೆನ್ನಿಗೆ ದಪ್ಪ ಪಾಚಿ. ಪೀಠಗಳ ಬುಡದಲ್ಲಿ ಬಿಳಿ ಪುಡಿ. ಕೆಲವು ವರ್ಷಕ್ಕೊಮ್ಮೆ ಎನಾಮಲ್ ಪೇಂಟ್ ಹೊಡೆಸುತ್ತಿದ್ದರು, ಅದೀಗ ಹಾಳೆ ಹಾಳೆಯಾಗಿ ಏಳುತ್ತಿದೆ.

ಪೇಂಟರ್ ಒಬ್ಬರು "ಆಸಿಡ್ ಹಾಕಿ ತೊಳೆದು, ಪುಟ್ಟಿ ತುಂಬಿ, ಎರಡು ಕೋಟ್ ಹೊಡೆದರೆ ಹೊಸದೇ" ಅಂದರು. ಮನೆಯಲ್ಲಿ ಕೆಲವರಿಗೆ ಇವನ್ನು ಒಡೆದು ಫೈಬರ್ ಬೊಂಬೆ ತರಿಸುವ ಮನಸ್ಸು. ನನಗೆ ಎರಡೂ ಒಪ್ಪಿಗೆಯಿಲ್ಲ. ಮಳೆ ಈಗಷ್ಟೇ ನಿಂತಿದೆ. ಎಲ್ಲಿಂದ ಶುರು ಮಾಡಲಿ?

ಸಿವಿಲ್ ನಿವೃತ್ತ

ಆಸಿಡ್ ಮಾತ್ರ ಬೇಡವೇ ಬೇಡ. ಸಿಮೆಂಟು ಆಸಿಡ್‌ಗೆ ಕರಗುತ್ತದೆ. ಪಾಚಿಗಿಂತ ಮೊದಲು ಹೋಗುವುದು ಆ ಗಾರೆಯವರು ನಯವಾಗಿ ಎಳೆದ ಮೇಲ್ಪದರ, ಅಂದರೆ ನೀವು ಹೇಳಿದ ಸೀರೆಯ ನೆರಿಗೆ. ಅಂಗಡಿಯಲ್ಲಿ ಸಿಗುವುದು ಹೈಡ್ರೋಕ್ಲೋರಿಕ್ ಆಸಿಡ್. ಅದರ ಕ್ಲೋರೈಡ್ ಸೀಳಿನೊಳಗೆ ಇಳಿದು ಕಬ್ಬಿಣ ಮುಟ್ಟಿದರೆ ತುಕ್ಕು ಇನ್ನೂ ಜೋರಾಗುತ್ತದೆ.

ಆ ಕೈ ಯಾಕೆ ಸೀಳಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ದುರಸ್ತಿಯ ದಾರಿಯೆಲ್ಲ ಅದರ ಮೇಲೆ ನಿಂತಿದೆ. ಇಂಥ ಬೊಂಬೆಗಳ ಒಳಗೆ ಕಬ್ಬಿಣದ ಸರಳು, ಅದಕ್ಕೆ ಸುತ್ತಿದ ಬೈಂಡಿಂಗ್ ವೈರ್, ಕೆಲವೊಮ್ಮೆ ಕೋಳಿಗೂಡಿನ ಜಾಲರಿ ಇರುತ್ತದೆ. ಹೊಟ್ಟೆಯ ಭಾಗಕ್ಕೆ ಇಟ್ಟಿಗೆ ಚೂರು, ಹೆಂಚಿನ ಚೂರು ತುಂಬಿ ಮೇಲೆ ಗಾರೆ ಮೆತ್ತುತ್ತಾರೆ. ಹೊಸ ಸಿಮೆಂಟು ಕಟು ಕ್ಷಾರ, ಪಿಎಚ್ (ಆಮ್ಲ-ಕ್ಷಾರದ ಅಳತೆ) 12.5ಕ್ಕಿಂತ ಮೇಲೆ. ಆ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ತೆಳ್ಳನೆಯ ರಕ್ಷಣಾ ಪದರ ಉಳಿಯುವುದರಿಂದ ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಾನುಗಟ್ಟಲೆ ಸಣ್ಣ ರಂಧ್ರಗಳಲ್ಲಿ ಒಳಗಿಳಿದು ಸಿಮೆಂಟಿನಲ್ಲಿರುವ ಸುಣ್ಣವನ್ನು ಮತ್ತೆ ಸುಣ್ಣಕಲ್ಲಾಗಿಸುತ್ತದೆ. ಪಿಎಚ್ 9ರ ಆಸುಪಾಸಿಗೆ ಇಳಿದಾಗ ಆ ರಕ್ಷಣೆ ಹೋಯಿತು. ಆಮೇಲೆ ನೀರು ಸಿಕ್ಕಿದರೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಡುತ್ತದೆ, ಒಳಗಿಂದಲೇ ಒತ್ತಿ ಗಾರೆಯನ್ನು ಒಡೆಯುತ್ತದೆ. ಹಾಗಾಗಿ ಸೀಳು ಯಾವಾಗಲೂ ಸರಳಿನ ಗುಂಟವೇ ಓಡುತ್ತದೆ.

ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಜೋರು ಮಳೆ ಹೊಡೆಯುವ, ನೆನೆದು ಒಣಗುವುದು ಪದೇ ಪದೇ ನಡೆಯುವ ಕಡೆ ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟ್ ಇರಬೇಕು. ಬೊಂಬೆಯ ಮಣಿಕಟ್ಟು, ಜಿಂಕೆಯ ಕಿವಿಗಳಲ್ಲಿ ಅಷ್ಟು ದಪ್ಪ ಎಲ್ಲಿಂದ ಬರಬೇಕು? ಮೊದಲು ಕೈ, ಕಿವಿ, ಕೊಂಬು, ಬಾಲ ಹೋಗುವುದು ಇದೇ ಕಾರಣಕ್ಕೆ. ಕಟ್ಟಿದವರ ಕೆಲಸದಲ್ಲಿ ಲೋಪ ಇಲ್ಲ.

ಈಗ ಪುಟ್ಟಿ ತುಂಬಿದರೆ ತುಕ್ಕು ಒಳಗೇ ಉಳಿಯುತ್ತದೆ. ಮುಂದಿನ ಮಳೆಗಾಲದಲ್ಲಿ ಪುಟ್ಟಿಯನ್ನೂ ಒತ್ತಿ ಹೊರಹಾಕುತ್ತದೆ. ಮೊದಲು ನೀರಿನ ದಾರಿ ಹುಡುಕಿ. ಎರಡನೆಯದು ಕಬ್ಬಿಣ. ಬಣ್ಣದ ಮಾತು ಕಟ್ಟಕಡೆಗೆ.

ತೀರ್ಥಹಳ್ಳಿ ಹಿತ್ತಲು

ಸರ್, ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದ. ಬೇರೆ ಕಡೆಯೂ ಒಳಗೊಳಗೇ ಹಾಳಾಗಿದೆಯಾ ಅಂತ ತಿಳಿಯುವುದು ಹೇಗೆ? ಸಿಂಹಗಳು ಹೊರಗಿನಿಂದ ಗಟ್ಟಿಯಾಗೇ ಕಾಣುತ್ತಿವೆ.

ಸಿವಿಲ್ ನಿವೃತ್ತ

ಸಣ್ಣ ಸುತ್ತಿಗೆಯ ಹಿಡಿಯಿಂದ ಮೈಯೆಲ್ಲ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಣ್ ಎನ್ನುತ್ತದೆ, ಪದರ ಬಿಟ್ಟಿರುವಲ್ಲಿ ಡಬ್ ಎಂದು ಪೊಳ್ಳು ಸದ್ದು. ಪೊಳ್ಳು ಇರುವ ಕಡೆಗೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಪರೀಕ್ಷೆ ಇದೆ. ಶಾಲೆಯ ಪ್ರಯೋಗಾಲಯದ ಫಿನಾಫ್ತಲೀನ್ ನೆನಪಿರಬೇಕು. ಆಲ್ಕೊಹಾಲ್‌ನಲ್ಲಿ ಕರಗಿಸಿದ 1% ದ್ರಾವಣ ಸಾಕು. ಬಿದ್ದುಹೋದ ಕಿವಿಯ ಜಾಗದಲ್ಲಿ, ಹಿಂಬದಿಯ ಕಣ್ಣಿಗೆ ಬೀಳದ ಭಾಗದಿಂದ ಒಂದು ಚೂರು ಎಬ್ಬಿಸಿ, ಧೂಳು ಊದಿ, ಆ ಹೊಸ ಮುಖದ ಮೇಲೆ ಹನಿ ಬಿಡಿ. ಗುಲಾಬಿಯಾದರೆ ಅಲ್ಲಿ ಕ್ಷಾರ ಉಳಿದಿದೆ, ಕಬ್ಬಿಣ ಕ್ಷೇಮ. ಬಣ್ಣ ಬರದಿದ್ದರೆ ಅಷ್ಟು ಆಳದವರೆಗೆ ರಕ್ಷಣೆ ಹೋಗಿದೆ. ಹಳೇ ಮೇಲ್ಮೈ ಮೇಲೆ ಹನಿ ಬಿಟ್ಟು ಪ್ರಯೋಜನವಿಲ್ಲ, ಅದು ಹೇಗೂ ಸತ್ತಿರುತ್ತದೆ.

ಉಡುಪಿ ಕಡಲ ಕರೆ

ನಮ್ಮಲ್ಲಿ ಇನ್ನೊಂದು ಸಮಸ್ಯೆ ಮಾರಾಯ್ರೆ. ಸಮುದ್ರದಿಂದ ಕೂಗಳತೆಯಲ್ಲಿ ಮನೆ. ಗೇಟಿನ ಮೇಲಿನ ಗರುಡ, ತೋಟದ ನವಿಲು ಎರಡೂ ಕ್ಷಾರ ಪರೀಕ್ಷೆಯಲ್ಲಿ ಚೆಂದ ಗುಲಾಬಿ ಬಣ್ಣ ತೋರಿಸಿದವು, ಆದರೂ ಒಳಗೆ ಸರಳು ಚುಕ್ಕಿ ಚುಕ್ಕಿ ತಿಂದುಹೋಗಿತ್ತು. ನೋಡಿದ ಇಂಜಿನಿಯರ್ ಹೇಳಿದ್ದು, ಇದು ಉಪ್ಪಿನ ಕೆಲಸ, ಕ್ಲೋರೈಡಿಗೆ ಪಿಎಚ್ ಇಳಿಯುವವರೆಗೂ ಕಾಯುವ ಹಂಗಿಲ್ಲ ಅಂತ. ಗಾಳಿಯ ಉಪ್ಪು ಒಂದು ಕಡೆ, ಹಿಂದೆ ಕೆಲವರು ಕಡಲ ಮರಳನ್ನೇ ಕಲಸುತ್ತಿದ್ದದ್ದು ಇನ್ನೊಂದು ಕಡೆ. ಕರಾವಳಿಯವರು ಫಿನಾಫ್ತಲೀನ್ ಒಂದನ್ನೇ ನಂಬಿ ಕೂರಬೇಡಿ.

ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಭ್ಯಾಸವನ್ನೂ ಬಿಡಿ. ಅದರಲ್ಲಿರುವುದೂ ಕ್ಲೋರೈಡೇ. ನಾವು ನೀರು, ನೈಲಾನ್ ಬ್ರಷ್, ಬಿದಿರಿನ ಚಕ್ಕೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. ಪಾಚಿಯನ್ನು ಚೆನ್ನಾಗಿ ನೆನೆಸಿ, ಉಬ್ಬಿದ ಮೇಲೆ ಕೆರೆದರೆ ಸಲೀಸಾಗಿ ಬರ್ತದೆ. ತಂತಿ ಬ್ರಷ್ ಉಜ್ಜಿದರೆ ಅದರ ಸಣ್ಣ ಎಳೆ ಮುರಿದು ರಂಧ್ರದಲ್ಲಿ ಉಳಿದು, ಅದೇ ತುಕ್ಕಾಗಿ ಮೈಯೆಲ್ಲ ಕಂದು ಚುಕ್ಕಿ ಆಗ್ತದೆ. ಪ್ರೆಶರ್ ವಾಶರ್ ಬಗ್ಗೆ ಕೇಳುವುದೇ ಬೇಡ, ಸಡಿಲವಾದ ಮೂಗು ಬೆರಳು ಎಲ್ಲ ಹಾರಿಹೋಗ್ತದೆ.

ಹಾವೇರಿ ಹೊಲ

ಒಡದು ಹಾಕ್ರಿ ಅನ್ನೋರಿಗೆ ಒಂದ್ ಮಾತು ಹೇಳ್ತೀನ್ರಿ. ನಮ್ಮ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯೊಳಗ ಉತ್ಸವ ರಾಕ್ ಗಾರ್ಡನ್ ಐತಿ. ಟಿ.ಬಿ. ಸೊಲಬಕ್ಕನವರ ಅವರು ಹಳ್ಳಿ ಬದುಕನ್ನ ಸಿಮೆಂಟಿನೊಳಗ ನಿಲ್ಲಿಸ್ಯಾರ. ಬಾವಿ ಕಟ್ಟಿ, ಎತ್ತು, ಬಳಿ ತೊಡಸೋರು, ಹೆಣ್ಮಕ್ಕಳು, ಹುಡುಗ್ರು. ಮಂದಿ ಟಿಕೆಟ್ ತಗೊಂಡು ನೋಡಾಕ ಬರ್ತಾರ. ಅಲ್ಲಿ ನಿಂತು ನೋಡಿದ್ರ ಸಿಮೆಂಟ್ ಅಂದ್ರ ಬರೇ ಮನಿ ಕಟ್ಟೂ ಸಾಮಾನಲ್ಲ ಅನ್ನೂದು ತಿಳೀತೈತಿ. ಅದಕ್ಕ ಕಲೆ ಅಂತ ಬೆಲೆ ಕೊಡ್ತೀವಿ, ನಮ್ಮ ಮನಿ ಅಂಗಳದಾಗಿನ ಕೆಲಸಕ್ಕ ಯಾಕ ಕೊಡಬಾರದು? ಮಾಡಿದವರ ಹೆಸರು ಮರತು ಹೋಗಿರಬಹುದು, ಕೈ ಗುರುತಂತೂ ಅಲ್ಲೇ ಐತಲ್ರಿ.

ಫೈಬರ್ ಬೊಂಬಿ ಒಂದ ಅಚ್ಚಿನಾಗ ನೂರಾರು ಬರ್ತಾವು. ಹಿತ್ತಲದವರ ಸಿಂಹಕ್ಕ ಎರಡು ಮುಖ ಬ್ಯಾರೆ ಬ್ಯಾರೆ ಅದಾವಂತ. ಅದನ್ನ ಒಡದ್ರ ಮತ್ತ ಎಲ್ಲಿಂದ ತರ್ತೀರಿ?

ಮೈಸೂರು ಗಾರೆ

ನಾನು ವಿಗ್ರಹ, ಕಮಾನು, ಗೋಪುರದ ಬೊಂಬೆ ಕೆಲಸ ಮಾಡುವವನು. ಸಿವಿಲ್ ಸರ್ ಹೇಳಿದ್ದು ಸರಿ. ಕೈ ಕೆಲಸದ ಕಡೆಯಿಂದ ನಾನು ಹೇಳುತ್ತೇನೆ.

ಮೊದಲು ಹಳೇ ಬಣ್ಣ. 2017ರ ನವೆಂಬರ್‌ನಿಂದ ನಮ್ಮ ದೇಶದಲ್ಲಿ ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದೆಂಬ ನಿಯಮ ಜಾರಿಗೆ ಬಂತು. ಅದಕ್ಕೂ ಹಿಂದಿನ ಎನಾಮಲ್‌ನಲ್ಲಿ ಸೀಸ ಇರಬಹುದು ಎಂದೇ ತಿಳಿದು ಕೆಲಸ ಮಾಡಿ. ಒಣಗಿದ್ದಾಗ ಸ್ಯಾಂಡ್‌ಪೇಪರ್, ಗ್ರೈಂಡರ್ ಹಚ್ಚಬೇಡಿ. ನೀರು ಚಿಮುಕಿಸಿ ನೆನೆಸಿಕೊಂಡೇ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಚೂರನ್ನೆಲ್ಲ ಒಟ್ಟು ಮಾಡಿ. ತುಳಸಿಕಟ್ಟೆ, ಬಾವಿ ಪಕ್ಕದಲ್ಲಿವೆ ಅಂದಿರಿ, ಆ ಧೂಳು ಅಲ್ಲಿಗೆ ಬೀಳಬಾರದು. ಮುಖದ ಭಾಗದಲ್ಲಿ ಗಟ್ಟಿಯಾಗಿ ಹಿಡಿದ ಬಣ್ಣ ಇದ್ದರೆ ಬಿಟ್ಟುಬಿಡಿ, ಕೆರೆಯಲು ಹೋಗಿ ರೆಪ್ಪೆ ತುಟಿ ಕಳೆದುಕೊಳ್ಳಬೇಡಿ.

ಕೈಗೆ ಬಂದರೆ, ಸೀಳಿನ ಎರಡೂ ಬದಿಯ ಪೊಳ್ಳು ಗಾರೆಯನ್ನು ಸಣ್ಣ ಚಾಣದಿಂದ ಬಿಡಿಸಬೇಕು. ದೊಡ್ಡ ಚೂರು ಅಖಂಡವಾಗಿ ಬಂದರೆ ನಂಬರ್ ಬರೆದು ಎತ್ತಿಡಿ, ಮತ್ತೆ ಕೂರಿಸಲು ಬರುತ್ತದೆ. ಸರಳಿನ ಮುಂಭಾಗ ಮಾತ್ರ ಬಿಡಿಸಿ ನಿಲ್ಲಿಸಬೇಡಿ, ಹಿಂಬದಿಗೂ ಬೆರಳ ತುದಿ ಹೋಗುವಷ್ಟು ಜಾಗ ಮಾಡಿ. ಇಲ್ಲದಿದ್ದರೆ ಹಿಂದಿನ ತುಕ್ಕು ಮತ್ತೆ ತಳ್ಳುತ್ತದೆ. ಸರಳನ್ನು ಹೊಳೆಯುವವರೆಗೆ ಉಜ್ಜಿ. ತಂತಿ ಬ್ರಷ್‌ಗೆ ಇಲ್ಲಿ ಕೆಲಸ ಇದೆ, ಬೊಂಬೆಯ ಮೈಮೇಲಲ್ಲ. ಉಜ್ಜಿದ ದಿನವೇ ಜಿಂಕ್ ಪ್ರೈಮರ್ ಹಚ್ಚಿ, ರಾತ್ರಿ ಬಿಟ್ಟರೆ ಮಲೆನಾಡಿನ ಹವೆಗೆ ಬೆಳಿಗ್ಗೆ ಮತ್ತೆ ಕೆಂಪಾಗಿರುತ್ತದೆ. ಸರಳು ಕಾಲುಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಪಕ್ಕಕ್ಕೆ ಹೊಸ ತುಂಡು ಕಟ್ಟಬೇಕು.

ಗಾರೆ ಕಲಸುವಲ್ಲಿ ಹೆಚ್ಚಿನವರು ಒಂದು ವಿಷಯ ಬಿಡುತ್ತಾರೆ. ಹಳೇ ಗಾರೆ ಎಂಥದ್ದು ಅಂತ ನೋಡುವುದೇ ಇಲ್ಲ. ಬಿದ್ದ ಚೂರನ್ನು ಒಂದು ಗಾಜಿನ ಲೋಟದಲ್ಲಿ ಹಾಕಿ, ಪ್ರಯೋಗಾಲಯದ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಸ್ವಲ್ಪ ಬಿಟ್ಟು ಹೊರಗೆ ಬಯಲಲ್ಲಿ ಇಡಿ. ಆಸಿಡ್‌ಗೆ ಜಾಗ ಅದೊಂದೇ, ಬೊಂಬೆಯಿಂದ ದೂರ. ಸಿಮೆಂಟು ಕರಗಿ ಮರಳು ತಳದಲ್ಲಿ ಉಳಿಯುತ್ತದೆ. ತೊಳೆದು ಒಣಗಿಸಿದರೆ ಕಾಳು ಎಷ್ಟು ದಪ್ಪ, ಯಾವ ಬಣ್ಣ ಗೊತ್ತಾಗುತ್ತದೆ. ಆ ಕಾಲಕ್ಕೆ ನಿಮ್ಮ ಕಡೆ ಹೊಳೆ ಮರಳೇ ಇರುತ್ತದೆ. ಈಗಿನ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು, ಅದರ ಕಾಳು ಚೂಪು, ಬೂದು ಬಣ್ಣ. ಜರಡಿ ಹಿಡಿಯದೆ ಹಾಗೇ ಹಾಕಿದರೆ ತೇಪೆ ಎದ್ದು ಕಾಣುತ್ತದೆ.

ನಾನು ಹಾಕುವುದು ಒಂದು ಪಾಲು ಸಿಮೆಂಟು, ಮೂರು ಪಾಲು ಜರಡಿ ಹಿಡಿದ ಮರಳು, ಕಲಸುವ ನೀರಿಗೆ ಎಸ್‌ಬಿಆರ್ ಲೇಟೆಕ್ಸ್ (ಗಾರೆಯ ಹಿಡಿತ ಹೆಚ್ಚಿಸುವ, ಹಾಲಿನಂಥ ರಬ್ಬರ್ ದ್ರವ), ಅಳತೆ ಡಬ್ಬದ ಮೇಲೆ ಬರೆದಿರುವಷ್ಟು. ಹಳೇ ಭಾಗವನ್ನು ಹಿಂದಿನ ದಿನವೇ ನೆನೆಸಿ, ಮೆತ್ತುವಾಗ ಒಳಗೆ ತೇವ ಇರಬೇಕು, ಮೇಲೆ ನೀರು ನಿಂತಿರಬಾರದು. ಲೇಟೆಕ್ಸ್ ಬೆರೆಸಿದ ಸಿಮೆಂಟ್ ಹಾಲನ್ನು ಬ್ರಷ್‌ನಿಂದ ಬಳಿದು, ಅದು ಹಸಿ ಇರುವಾಗಲೇ ಗಾರೆ ಒತ್ತಿ. ಅದು ಒಣಗಿಬಿಟ್ಟರೆ ಅಂಟಲ್ಲ, ಪದರ ಬಿಡಲು ಅದೇ ದಾರಿ. ಒಂದು ಸಲಕ್ಕೆ 10-12 ಮಿ.ಮೀ.ಗಿಂತ ದಪ್ಪ ಬೇಡ.

ಬಣ್ಣ ಹೊಂದಿಸಲು ಬಿಳಿ ಸಿಮೆಂಟು, ಬೂದು ಸಿಮೆಂಟು ಬೆರೆಸಿ ಚಿಟಿಕೆ ಕಾವಿ ಅಥವಾ ಹಳದಿ ಆಕ್ಸೈಡ್ ಹಾಕಿ ಸಣ್ಣ ಬಿಲ್ಲೆಗಳನ್ನು ಮಾಡಿ ಒಣಗಲು ಬಿಡಿ. ಹಸಿ ಗಾರೆಯ ಬಣ್ಣ ನೋಡಿ ಯಾವತ್ತೂ ನಿರ್ಧಾರ ಮಾಡಬಾರದು.

ಬಸವನಗುಡಿ ಮನೆ

ಎಲ್ಲರೂ ಬಣ್ಣದ ಬಗ್ಗೆ ಅನುಮಾನದಿಂದಲೇ ಮಾತಾಡ್ತಿದ್ದೀರಿ. ನಾನು ಇನ್ನೊಂದು ಪಕ್ಕ ಹಿಡೀತೀನಿ. ನಮ್ಮ ಕಡೆ ಈ ಬೊಂಬೆಗಳು ಎಂದೂ ಬೋಳು ಸಿಮೆಂಟಾಗಿ ನಿಂತವಲ್ಲ. ಸಿಂಹಕ್ಕೆ ಹಳದಿ, ಕೇಸರಕ್ಕೆ ಕಂದು, ಹೆಂಗಸಿಗೆ ಹಸಿರು ಸೀರೆ ಕೆಂಪು ಅಂಚು, ಇದೇ ಪದ್ಧತಿ. ಚಾಮುಂಡಿ ಬೆಟ್ಟದ ಮಹಿಷಾಸುರನನ್ನು ಬೂದು ಬಣ್ಣದಲ್ಲಿ ಊಹಿಸಿಕೊಳ್ಳಿ ನೋಡೋಣ. ವಿದೇಶದ ತೋಟದ ಚಿತ್ರಗಳನ್ನು ನೋಡಿ ಪಾಚಿ ಹಿಡಿದ ಬೂದು ಮೈಯೇ ಚೆಂದ ಅನ್ನೋರು ಹೆಚ್ಚಾಗಿದ್ದಾರೆ. ಮಾಡಿದವರ ಉದ್ದೇಶ ಬಣ್ಣವೇ ಆಗಿದ್ದರೆ ಅದನ್ನು ತೆಗೆದುಹಾಕೋದು ಉಳಿಸಿದ ಹಾಗೆ ಆಗಲ್ಲ.

ಸಿವಿಲ್ ನಿವೃತ್ತ

ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ನನ್ನ ತಕರಾರು ಎನಾಮಲ್ ಮೇಲೆ. ನೆಲದಿಂದ ಏರಿದ, ಸೀಳಿನಿಂದ ಇಳಿದ ನೀರು ಆವಿಯಾಗಿ ಹೊರಹೋಗಬೇಕು. ಎಣ್ಣೆ ಬಣ್ಣ ಮಳೆಗೆ ಹಾಕಿಕೊಂಡ ರೈನ್‌ಕೋಟ್ ಇದ್ದಂತೆ, ಹೊರಗಿನ ನೀರು ತಡೆದರೂ ಒಳಗಿನ ಬೆವರನ್ನು ಬಿಡುವುದಿಲ್ಲ. ಆ ತೇವದ ಒತ್ತಡಕ್ಕೇ ಹಾಳೆ ಹಾಳೆಯಾಗಿ ಏಳುವುದು. ಹೊರಗೋಡೆಗೆ ಬಳಿಯುವ, ಆವಿ ಬಿಡುವ ಅಕ್ರಿಲಿಕ್ ಬಣ್ಣ ತೆಳುವಾಗಿ ಎರಡು ಕೈ ಹೊಡೆಯಿರಿ. ಸಿಲಿಕೇಟ್ ಬಣ್ಣ ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ ಅದು ಹಳೇ ಎನಾಮಲ್ ಮೇಲೆ ಕೂರುವುದಿಲ್ಲ, ಬರಿ ಸಿಮೆಂಟು ಬೇಕು.

ಬೋಳಾಗಿಯೇ ಇಡುವವರು ಸಿಲೇನ್-ಸಿಲೋಕ್ಸೇನ್ ಎಂಬ ನೀರು ನಿರೋಧಕ ಬಳಿಯಬಹುದು. ಅದು ರಂಧ್ರ ಮುಚ್ಚದೆ ಅದರ ಗೋಡೆಗೆ ಮಾತ್ರ ಹಿಡಿಯುತ್ತದೆ. ಸೀಳು ಇದ್ದಲ್ಲಿ ಬಳಿದರೆ ಏನೂ ಪ್ರಯೋಜನ ಆಗುವುದಿಲ್ಲ, ದುರಸ್ತಿ ಮುಗಿದ ಮೇಲಷ್ಟೇ.

ಮ್ಯಾಡಿಸನ್ ಕನ್ನಡತಿ

ನಾನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಈ ರಾಜ್ಯದ ಉತ್ತರಕ್ಕೆ ಫಿಲಿಪ್ಸ್ ಎಂಬ ಸಣ್ಣ ಊರಲ್ಲಿ ಫ್ರೆಡ್ ಸ್ಮಿತ್ ಎಂಬವರು ಮಾಡಿದ ಕಾಂಕ್ರೀಟ್ ಪಾರ್ಕ್ ಇದೆ. ಮರ ಕಡಿಯುವ ಕೆಲಸ ಮಾಡಿ, ಪಾನಗೃಹ ನಡೆಸಿದ್ದ ಅವರು 1948ರಿಂದ 1964ರವರೆಗೆ 200ಕ್ಕೂ ಹೆಚ್ಚು ಬೊಂಬೆ ನಿಲ್ಲಿಸಿದರು, ಮೈಗೆ ಒಡೆದ ಬಾಟಲಿ ಗಾಜು ಹಚ್ಚಿ. ರೈತರು, ಕುದುರೆಗಳು, ಜಿಂಕೆಗಳು. ಒಳಗೆ ಕಬ್ಬಿಣದ ಬದಲು ಮರದ ಚೌಕಟ್ಟು ಇಟ್ಟಿದ್ದರು. ಅವರು 1976ರಲ್ಲಿ ತೀರಿಕೊಂಡರು, ಮರುವರ್ಷವೇ ಬಿರುಗಾಳಿಗೆ ಬಹುಪಾಲು ಬೊಂಬೆಗಳು ಬಿದ್ದು ಒಡೆದವು. ಕೋಹ್ಲರ್ ಫೌಂಡೇಶನ್ ಅವನ್ನೆಲ್ಲ ಸರಿಮಾಡಿಸಿತು, ಈಗ ಅದು ಸಾರ್ವಜನಿಕ ಉದ್ಯಾನ. ಹಾವೇರಿಯವರು ಹೇಳಿದ ಮಾತು ನನಗೆ ಅಲ್ಲಿ ನಿಂತಾಗ ಅನ್ನಿಸಿತ್ತು, ಕಲಾಶಾಲೆಯ ಮೆಟ್ಟಿಲು ಹತ್ತದ ಕೈಗಳು ಸಿಮೆಂಟಿನಲ್ಲಿ ಎಷ್ಟು ದೊಡ್ಡ ಕೆಲಸ ಮಾಡಿವೆ ಅಂತ.

ಇಲ್ಲಿನ ಶತ್ರು ಹಿಮ. ನೀರು ಗಡ್ಡೆ ಕಟ್ಟುವಾಗ ಸುಮಾರು 9% ಹಿಗ್ಗುತ್ತದೆ, ರಂಧ್ರದೊಳಗೆ ನೀರಿದ್ದರೆ ಮೇಲ್ಮೈ ಚಕ್ಕೆ ಚಕ್ಕೆ ಏಳುತ್ತದೆ. ಚಳಿಗಾಲದಲ್ಲಿ ನಾವು ಬೊಂಬೆಗಳನ್ನು ಮಣ್ಣಿನಿಂದ ಮೇಲೆತ್ತಿ ಮರದ ತುಂಡಿನ ಮೇಲಿಟ್ಟು ಗಾಳಿಯಾಡುವ ಬಟ್ಟೆ ಹೊದಿಸುತ್ತೇವೆ. ಪ್ಲಾಸ್ಟಿಕ್ ಬಿಗಿದರೆ ಒಳಗೇ ಬೆವರುತ್ತದೆ. ಕೊಡ, ಬಟ್ಟಲು ಹಿಡಿದ ಬೊಂಬೆಯಾದರೆ ಅದರಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಮುಖ್ಯ ಕೆಲಸ.

ತೀರ್ಥಹಳ್ಳಿ ಹಿತ್ತಲು

ಮ್ಯಾಡಿಸನ್ ಅಕ್ಕಾ, ನಿಮ್ಮ ಕೊನೆಯ ಸಾಲು ಓದಿ ಹೋಗಿ ನೋಡಿದೆ. ಹೆಂಗಸಿನ ಕೊಡ ಮೇಲಿಂದ ಟೊಳ್ಳು, ಒಳಗೆ ಎಲೆ ಕೊಳೆತು ನೀರು ನಿಂತಿದೆ! ಸೀಳು ಬಿಟ್ಟ ಬಲಗೈ ಅದೇ ಕೊಡವನ್ನು ಬಳಸಿ ಹಿಡಿದಿರೋದು. ಮಳೆಗಾಲ ಪೂರ್ತಿ ಅಲ್ಲಿಂದಲೇ ನೀರು ಇಳಿದಿದೆ.

ಫಿನಾಫ್ತಲೀನ್ ಹಾಕಿದೆ. ಕಿವಿಯ ಜಾಗದಲ್ಲಿ ಬಣ್ಣವೇ ಬರಲಿಲ್ಲ. ಸಿಂಹದ ಪೀಠದ ಹಿಂಬದಿ ಚೂರು ಎಬ್ಬಿಸಿದರೆ ಮೇಲಿನ ಒಂದು ಬೆರಳಷ್ಟು ಬಿಟ್ಟು ಒಳಗೆ ಗಾಢ ಗುಲಾಬಿ. ತಟ್ಟಿದರೆ ಸಿಂಹದ ಮೈಯೂ ಗಟ್ಟಿ. ಹಾಗಾದರೆ ಸಿಂಹಕ್ಕೆ ಚಾಣ ಮುಟ್ಟಿಸುವ ಅಗತ್ಯ ಇಲ್ಲ ಅಲ್ಲವಾ ಸರ್?

ಸಿವಿಲ್ ನಿವೃತ್ತ

ಇಲ್ಲ. ತೊಳೆದು ಬಿಡಿ. ಗಟ್ಟಿ ಇರುವುದನ್ನು ಕೆದಕಬಾರದು. ಪೀಠದ ಬುಡದ ಬಿಳಿ ಪುಡಿ ನೆಲದ ತೇವ ಏರುತ್ತಿರುವ ಗುರುತು. ಸುತ್ತ ಅರ್ಧ ಅಡಿ ಮಣ್ಣು ತೆಗೆದು ಜಲ್ಲಿ ತುಂಬಿಸಿ, ನೀರು ಹರಿದುಹೋಗಲು ಇಳಿಜಾರು ಕೊಡಿ. ಆ ಪುಡಿಯನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ, ನೀರು ಹಾಕಿದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ.

ಜಿಂಕೆಯನ್ನೋ ಹೆಂಗಸನ್ನೋ ಎತ್ತಿ ಕೆಳಗೆ ಕಲ್ಲು ಚಪ್ಪಡಿ ಇಡುವ ಯೋಚನೆ ಇದ್ದರೆ ಭಾರದ ಅಂದಾಜು ಇರಲಿ. ಒಂದು ಘನ ಅಡಿ ಕಾಂಕ್ರೀಟ್ ಸುಮಾರು 68 ಕೆ.ಜಿ. ತೂಗುತ್ತದೆ. ಕೈ, ಕುತ್ತಿಗೆ ಹಿಡಿದು ಎತ್ತಬಾರದು, ಪೀಠದ ಅಡಿಗೆ ಹಗ್ಗದ ಪಟ್ಟಿ ಹಾಕಬೇಕು.

ಶ್ರೀರಂಗಪಟ್ಟಣ ಕೋಟೆ

ಒಂದು ಪ್ರಶ್ನೆ. ನಮ್ಮ ಮನೆಯ ಮುಂಭಾಗದ ಮಾಡಿನ ಮೇಲೆ ಎರಡು ಗಿಳಿ, ನಡುವೆ ಲಕ್ಷ್ಮಿ ಇದೆ. ಮುತ್ತಾತನ ಕಾಲದ್ದು. ಉಗುರಿನಿಂದ ಗೀರಿದರೆ ಬಿಳಿ ಪುಡಿ ಬರುತ್ತದೆ. ಇದಕ್ಕೂ ಇದೇ ಸಿಮೆಂಟ್ ಗಾರೆ ಆಗುತ್ತದೆಯೇ?

ಮೈಸೂರು ಗಾರೆ

ಆಗಲ್ಲ, ದಯವಿಟ್ಟು ಸಿಮೆಂಟ್ ಮುಟ್ಟಿಸಬೇಡಿ. ನಿಮ್ಮದು ಸುಣ್ಣದ ಗಾರೆ. ಗುಜರಾತಿನ ಪೋರಬಂದರಿನಲ್ಲಿ ಸಿಮೆಂಟ್ ತಯಾರಿಕೆ ಶುರುವಾಗಿದ್ದೇ 1914ರಲ್ಲಿ, ಅದಕ್ಕೂ ಹಿಂದಿನ ಮನೆಗಳಲ್ಲಿ ಹೆಚ್ಚಾಗಿ ಸುಣ್ಣವೇ. ಸುಣ್ಣದ ಮೈ ಮೆತ್ತಗೆ, ಉಸಿರಾಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟು ಕೂರಿಸಿದರೆ ತೇಪೆ ಉಳಿದು ಅದರ ಸುತ್ತಲಿನ ಹಳೇ ಕೆಲಸ ಪುಡಿಯಾಗುತ್ತದೆ. ಚೆನ್ನಾಗಿ ಅರಳಿಸಿ ಕೊಳೆಹಾಕಿದ ಸುಣ್ಣ, ಮರಳು, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು, ಇದರಲ್ಲಿ ಕೆಲಸ ಬಲ್ಲವರು ಈಗಲೂ ಇದ್ದಾರೆ. ದೇವಸ್ಥಾನದ ಗೋಪುರ ಜೀರ್ಣೋದ್ಧಾರ ನಡೆಯುವ ಕಡೆ ವಿಚಾರಿಸಿ. ಇದಕ್ಕೆ ಬೇರೆಯೇ ಒಂದು ಚರ್ಚೆ ಶುರು ಮಾಡಿ, ಅಲ್ಲಿ ಬರೆಯುತ್ತೇನೆ.

ತೀರ್ಥಹಳ್ಳಿ ಹಿತ್ತಲು

ಗಾರೆಯವರೇ, ಜಿಂಕೆಯ ಕಿವಿ ಬಗ್ಗೆ ಹೇಳಿ. ಬಿದ್ದ ಚೂರು ಸಿಗಲಿಲ್ಲ. ಹೊಸದಾಗಿ ಮಾಡಬೇಕು. ಕೊಡಕ್ಕೆ ಏನು ಮಾಡಲಿ? ಮನೆಯವರೂ ಈಗ ಒಡೆಯುವ ಮಾತು ಬಿಟ್ಟಿದ್ದಾರೆ. ಅಪ್ಪ ಹಳೇ ಫೋಟೋ ಹುಡುಕಿ ತೆಗೆದಿದ್ದಾರೆ, ಎರಡು ಕಿವಿಯೂ ಕಾಣುತ್ತೆ.

ಮೈಸೂರು ಗಾರೆ

ಫೋಟೋ ಸಿಕ್ಕಿದ್ದು ಬಹಳ ಒಳ್ಳೆಯದಾಯಿತು. ಉಳಿದಿರುವ ಕಿವಿಯ ಅಳತೆಯನ್ನೂ ರಟ್ಟಿನಲ್ಲಿ ಕತ್ತರಿಸಿಕೊಳ್ಳಿ, ಆದರೆ ಎಡ ಬಲ ತಿರುಗಿಸಿ.

ತುಕ್ಕು ಹಿಡಿದ ಹಳೇ ತಂತಿಯನ್ನು ಗಟ್ಟಿ ಗಾರೆ ಸಿಗುವವರೆಗೆ ಕತ್ತರಿಸಿ ತೆಗೆಯಿರಿ. ಅದರ ಪಕ್ಕದಲ್ಲಿ ಡ್ರಿಲ್‌ನಿಂದ ತೂತು ಮಾಡಿ 4 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಕೂರಿಸಿ. ನಿಮ್ಮ ಕಡೆ 304 ದರ್ಜೆಯ ಸ್ಟೀಲ್ ಸಾಕು, ಉಪ್ಪು ಗಾಳಿಯ ಉಡುಪಿಯವರಿಗೆ 316 ದರ್ಜೆ ಬೇಕು. ತೂತು ಕಡ್ಡಿಗಿಂತ ಒಂದೆರಡು ಮಿ.ಮೀ. ಅಗಲ ಇರಲಿ, ಒಳಗಿನ ಧೂಳನ್ನು ಪೂರ್ತಿ ಊದಿ ತೆಗೆದು ಎಪಾಕ್ಸಿ ಅಂಟು ತುಂಬಿ ಕಡ್ಡಿ ತಿರುಗಿಸುತ್ತಾ ಇಳಿಸಿ. ಹ್ಯಾಮರ್ ಮೋಡ್ ಬಳಸಬೇಡಿ, ಅದುರುವಿಕೆಗೆ ತಲೆಯೇ ಬಿರುಕು ಬಿಡಬಹುದು. ಡ್ರಿಲ್ ಮಾಡುವಾಗ ಮಾಸ್ಕ್ ಹಾಕಿಕೊಳ್ಳಿ, ಸಿಮೆಂಟ್ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಕೆಟ್ಟದ್ದು. ಕಡ್ಡಿಗೆ ತೆಳು ಸ್ಟೇನ್‌ಲೆಸ್ ತಂತಿ ಸುತ್ತಿ ಹಿಡಿತ ಮಾಡಿ, ಮೇಲೆ ಗಾರೆ ಮೆತ್ತಿ ತಿದ್ದಿ. ಗಾರೆ ಅರ್ಧ ಬಿಗಿದಾಗ ಒದ್ದೆ ಸ್ಪಂಜಿನಿಂದ ಒರೆಸಿದರೆ ಮರಳಿನ ಕಾಳು ಹಳೇ ಮೈಯಂತೆ ತೆರೆಯುತ್ತದೆ. ಕಿವಿಯ ಒಳಗುಳಿ ತಿದ್ದಲು ಕರಣೆಗಿಂತ ಚಮಚದ ಹಿಂಬದಿ ಚೆನ್ನ.

ಲೇಟೆಕ್ಸ್ ಗಾರೆಯನ್ನು ಒಂದೆರಡು ದಿನ ಒದ್ದೆ ಗೋಣಿಯಲ್ಲಿ ಮುಚ್ಚಿ, ಆಮೇಲೆ ನೆರಳಲ್ಲಿ ಒಣಗಲು ಬಿಡಿ. ಬರಿ ಸಿಮೆಂಟ್ ಗಾರೆಯಾಗಿದ್ದರೆ ವಾರ ಪೂರ್ತಿ ತೇವ ಬೇಕಿತ್ತು.

ಕೊಡದೊಳಗಿನ ಕೊಳೆ ತೆಗೆದು, ಒಣಗಿಸಿ, ತಳಕ್ಕೆ ಗಾರೆ ತುಂಬಿ ಮೇಲ್ಮೈ ಹಿಂಬದಿಗೆ ಇಳಿಜಾರಾಗಿ ಮಾಡಿ. ಇಳಿಜಾರು ಮುಗಿಯುವಲ್ಲಿ, ನೋಡುವವರಿಗೆ ಕಾಣದ ಕಡೆ ಒಂದು ಸಣ್ಣ ತೂತು ಬಿಟ್ಟು ಅದರಲ್ಲಿ ಪಿವಿಸಿ ನಳಿಗೆ ಇಡಿ. ನಳಿಗೆ ಮೈಯಿಂದ ಅರ್ಧ ಇಂಚು ಹೊರಗೆ ಚಾಚಿರಲಿ, ಇಲ್ಲದಿದ್ದರೆ ನೀರು ಬೆನ್ನಿನ ಮೇಲೇ ಹರಿದು ಅಲ್ಲಿ ಪಾಚಿ ಕಟ್ಟುತ್ತದೆ. ಇದನ್ನು ಕೈಯ ದುರಸ್ತಿಗೆ ಮುಂಚೆಯೇ ಮಾಡಿ ಮುಗಿಸಿ. ಬಣ್ಣಕ್ಕೆ ಆತುರ ಬೇಡ, ಗಾರೆ ಕನಿಷ್ಠ ನಾಲ್ಕು ವಾರ ಒಣಗಲಿ. ಡಿಸೆಂಬರ್ ಕೊನೆಗೆ ಬಿಸಿಲು ಚೆನ್ನಾಗಿರುತ್ತದೆ, ಆಗ ಹಚ್ಚಿ.